ಪ್ರೊಬಯಾಟಿಕ್‌ಗೆ ಕಟ್ಟಿದ ಪಟ್ಟ

ಸಾಕಿದ ಮೀನಿಗೆ ಆಂಟಿಬಯಾಟಿಕ್ ಬೇಡ, ಮೇವಿಗೆ ಪ್ರೊಬಯಾಟಿಕ್ ಬೆರೆಸಿ ಎಂಬ ಮಾತು ಈಗ ಪ್ರಯೋಗಾಲಯದಿಂದ ಮೇವಿನಂಗಡಿಯವರೆಗೂ ಕೇಳಿಬರುತ್ತದೆ. ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಎರಡನೆಯರ್ಧವನ್ನು ಒಪ್ಪಲಾರೆ. ಈ ಉಪಕಾರಿ ಸೂಕ್ಷ್ಮಜೀವಿಗಳ ಬಗ್ಗೆ ನನಗೆ ಗೌರವವಿದೆ. ಅವನ್ನು ಔಷಧದ ಗಾದಿಯಲ್ಲಿ ಕೂರಿಸಿದ್ದೇ ತಪ್ಪು.

ಆಂಟಿಬಯಾಟಿಕ್ ಬಿಟ್ಟು ಗೆದ್ದ ದೊಡ್ಡ ಉದಾಹರಣೆ ನಾರ್ವೆಯ ಸಾಲ್ಮನ್. 1987ರಲ್ಲಿ 50 ಟನ್ನಿನ ಹತ್ತಿರವಿದ್ದ ಬಳಕೆ ಒಂದು ದಶಕದಲ್ಲಿ ಒಂದೆರಡು ಟನ್ನಿಗಿಳಿಯಿತು, ಉತ್ಪಾದನೆ ಏರುತ್ತಲೇ ಹೋಯಿತು. ಗೆಲ್ಲಿಸಿದ್ದು ಲಸಿಕೆ, ಪಂಜರಗಳ ನಡುವಿನ ಅಂತರ, ಬೆಳೆ ಮುಗಿದ ಮೇಲೆ ಜಾಗಕ್ಕೆ ಕೊಟ್ಟ ಬಿಡುವು. ಸಿಗಡಿಗೆ ಲಸಿಕೆ ನಡೆಯದಲ್ಲ ಎನ್ನಬಹುದು. ನಿಜ. ಆದರೆ 1990ರ ದಶಕದ ನಡುವೆ ನಮ್ಮ ಕರಾವಳಿಯ ಸಿಗಡಿ ಕೆರೆಗಳನ್ನು ಬರಿದು ಮಾಡಿದ ಬಿಳಿಚುಕ್ಕೆ ರೋಗ ವೈರಸ್ಸಿನದು, ಆಂಟಿಬಯಾಟಿಕ್ ಅದನ್ನು ಮುಟ್ಟದು. 2009ರ ನಂತರ ವನ್ನಾಮಿ ಸಿಗಡಿ ಬೇರೂರಿದಾಗ ಅದಕ್ಕೆ ದೊಡ್ಡ ಬಲವಾದದ್ದು ರೋಗಮುಕ್ತ ತಾಯಿಸಿಗಡಿಯಿಂದ ಬಂದ ಮರಿ.

ಮೇವಿನ ವಿಷಯ ಸ್ವಲ್ಪ ಹತ್ತಿರದಿಂದ ನೋಡಿ. ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಗುಳಿಗೆಯಾಗುವ ಮೇವು 100 ಡಿಗ್ರಿ ದಾಟುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಅಲ್ಲೇ ಸಾಯುತ್ತದೆ. ಬ್ಯಾಸಿಲಸ್‌ನ ಬೀಜಕಗಳು ಬದುಕಬಹುದು. ಹಾಗಾಗಿ ರೈತ ಕೆರೆಯ ದಂಡೆಯಲ್ಲೇ ಪುಡಿಯನ್ನು ಬೆಲ್ಲದ ನೀರಿಗೆ ಕಲಸಿ, ಮೇವಿಗೆ ಹಚ್ಚಿ, ಮೇಲೆ ಮೀನೆಣ್ಣೆ ಲೇಪಿಸಿ ನೆರಳಿನಲ್ಲಿ ಒಣಗಿಸುತ್ತಾನೆ. ಹಚ್ಚಿದ್ದರಲ್ಲಿ ಎಷ್ಟೋ ಪಾಲು ಮೀನಿನ ಬಾಯಿ ಸೇರುವ ಮೊದಲೇ ನೀರಿಗಿಳಿಯುತ್ತದೆ. ಉಳಿದದ್ದು ಕರುಳಿಗೆ ಹೋದರೂ ಅಲ್ಲಿ ನೆಲೆಯೂರುವುದು ಅಪರೂಪ. ಮೇವು ನಿಲ್ಲಿಸಿದ ಕೆಲವು ದಿನಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುತ್ತದೆ. ಸುತ್ತಲಿನ ನೀರೇ ಮೀನಿನ ಕರುಳಿಗೆ ಕ್ಷಣಕ್ಷಣಕ್ಕೂ ಹೊಸ ಬ್ಯಾಕ್ಟೀರಿಯಾ ತುಂಬುತ್ತಿರುತ್ತದೆ. ತೊಟ್ಟಿಯ ಶುದ್ಧ ನೀರಿನಲ್ಲಿ ಬಂದ ಫಲಿತಾಂಶವನ್ನು ಕೆರೆಗೆ ಹಾಗೇ ಎತ್ತಿ ಹಾಕುವವರು ಇದನ್ನೇ ಮರೆಯುತ್ತಾರೆ.

ನಾನಿರುವ ಕುವೈತ್‌ನ ಸಲ್ವಾದ ಕಡಲು ಈ ವಾದಕ್ಕೆ ಕಟು ಸಾಕ್ಷಿ. ಬೇಸಿಗೆಯಲ್ಲಿ ಇಲ್ಲಿನ ನೀರು 32 ಡಿಗ್ರಿ ಮೀರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 2001ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕುವೈತ್ ಕೊಲ್ಲಿಯಲ್ಲಿ 2,000 ಟನ್ನಿಗೂ ಹೆಚ್ಚು ಮಲೆಟ್ ಮೀನು ಸತ್ತು ತೇಲಿತು, ಪಂಜರದ ಸೀಬ್ರೀಮ್ ಕೂಡ ಬಲಿಯಾಯಿತು. ರೋಗಾಣು ಸ್ಟ್ರೆಪ್ಟೋಕಾಕಸ್ ಅಗಲ್ಯಾಕ್ಟಿಯೇ. ಚರಂಡಿ ನೀರು, ಸುಡುವ ಸೆಖೆ, ಅಲುಗಾಡದ ಕಡಲು, ಇವೆಲ್ಲ ಆಗ ಚರ್ಚೆಗೆ ಬಂದವು. ಇಂಥ ನೀರಿನಲ್ಲಿ ಮೇವಿನ ಪುಡಿ ಏನು ಕಾಪಾಡೀತು?

ಹಾಗಾದರೆ ಅದರ ಜಾಗ ಯಾವುದು? ಮರಿ ಉತ್ಪಾದನಾ ಕೇಂದ್ರ. ಬಾಯಿ ಈಗಷ್ಟೇ ತೆರೆದ ಮರಿಯ ಕರುಳು ಇನ್ನೂ ತೆರವಾಗಿರುತ್ತದೆ. ಅಲ್ಲಿ ಮೊದಲು ಬಂದವರಿಗೆ ಜಾಗ. 1967ರಲ್ಲಿ ಶುರುವಾದ ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಜುಬೈದಿಯನ್ನು, ಅಂದರೆ ನಮ್ಮ ಮಾಂಜಿಯನ್ನು, ತೊಟ್ಟಿಯಲ್ಲಿ ಮರಿ ಮಾಡಿಸಿ ಬೆಳೆಸಿದೆ. ಅಂಥ ನಾಜೂಕು ಮರಿಗಳ ತೊಟ್ಟಿಯಲ್ಲಿ ಒಳ್ಳೆಯ ತಳಿಯ ಪ್ರೊಬಯಾಟಿಕ್ ಪರೀಕ್ಷಿಸುವುದಾದರೆ ನಾನು ಮೊದಲ ಬೆಂಬಲಿಗ.

ದೊಡ್ಡ ಮೀನಿಗೆಂದು ಚೀಲ ಕೊಳ್ಳುವವರು ಮಾತ್ರ ಅಂಗಡಿಯಲ್ಲಿ ಕೇಳಬೇಕು: ತಳಿ ಯಾವುದು, ಅವಧಿ ಮುಗಿಯುವ ದಿನ ಗ್ರಾಂಗೆ ಎಷ್ಟು ಜೀವಂತ ಉಳಿದಿರುತ್ತದೆ, ಗೋದಾಮಿನ ಸೆಖೆ ಎಷ್ಟಿತ್ತು? ಉತ್ತರ ಬಾರದಿದ್ದರೆ ಆ ದುಡ್ಡಿಗೆ ಆಮ್ಲಜನಕ ಅಳೆಯುವ ಮೀಟರ್ ಕೊಳ್ಳಿ.