ಹಿಮ್ಮೇಳ ಮುಗಿಯುವಷ್ಟರಲ್ಲಿ

ಗದಗ ಜಿಲ್ಲೆಯಲ್ಲಿ ಯಾವ ವೇದಿಕೆ ಹತ್ತಿದರೂ ಭಾಷಣಕಾರರಿಗೆ ಮೊದಲು ನೆನಪಾಗುವುದು ಸಂಗೀತ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಭೀಮಸೇನ ಜೋಶಿ. ಇನ್ನೂ ಉಸಿರಿದ್ದರೆ ಪಕ್ಕದ ಧಾರವಾಡ ಸೀಮೆಯಿಂದ ಸವಾಯಿ ಗಂಧರ್ವರು, ಗಂಗೂಬಾಯಿ, ಮನಸೂರರು. ಈ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ, ಅದು ನಿಲ್ಲುವ ಜಾಗದ ಬಗ್ಗೆ ಇದೆ. ಖಯಾಲಿನ ಹೆಸರುಗಳು ತೀರಿದೊಡನೆ ಸಂಗೀತವೂ ತೀರುತ್ತದೆ. ಆಮೇಲೆ ‘ಜಾನಪದ’ ಎಂಬ ಬೇರೆ ಖಾತೆ ತೆರೆದು ಗೀಗೀ, ಡೊಳ್ಳು, ಭಜನೆ, ಮೊಹರಮ್ಮಿನ ರಿವಾಯತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಜಮಾ ಮಾಡಿ ಮುಚ್ಚುತ್ತಾರೆ. ಅಲ್ಲಿ ಸಂರಕ್ಷಣೆಯ ಮಾತು ಬರುತ್ತದೆ, ವಿಮರ್ಶೆಯ ಮಾತು ಬರುವುದಿಲ್ಲ. ಇಂಥ ಮೇಳ ಚೆನ್ನಾಗಿ ಹಾಡಿತು, ಇಂಥದು ಸೋತಿತು ಎಂದು ಕಾರಣ ಕೊಟ್ಟು ಬರೆದ ಲೇಖನ ಹುಡುಕಿದರೂ ಸಿಗುವುದು ಕಷ್ಟ.

ನಾನು ಕೂತು ಕೇಳಿದ ಕಛೇರಿಗಳೆಲ್ಲವನ್ನೂ ಎದುರಿಗಿಟ್ಟುಕೊಂಡು ಹೇಳುವುದಾದರೆ, ಜನಜಂಗುಳಿಯ ನಡುವೆ ಸಂಗೀತ ಏನಾಗಬಲ್ಲದು ಎಂಬುದನ್ನು ಕಲಿಸಿದ್ದು ಗೀಗೀ ಮೇಳಗಳ ಹರದೇಶಿ-ನಾಗೇಶಿ ವಾದದ ರಾತ್ರಿಗಳೇ. ಹರದೇಶಿ ಗಂಡಿನ ಪಕ್ಷ, ನಾಗೇಶಿ ಹೆಣ್ಣಿನ ಪಕ್ಷ, ಮಹಾರಾಷ್ಟ್ರದ ಕಲ್ಗಿ-ತುರಾದೊಡನೆ ಇದಕ್ಕಿರುವ ನೆಂಟಸ್ತಿಕೆ: ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಸ್ತುತಿ, ಸವಾಲು, ಜವಾಬು, ನಡುನಡುವೆ ಖ್ಯಾಲಿ ಎಂಬ ಹಗುರ ಹಾಡು, ಬೆಳಗಿನ ಮಂಗಳ ಎಂಬ ಕ್ರಮವೂ ಬಲ್ಲವರಿಗೆ ಗೊತ್ತು. ನನಗೆ ಬೇಕಾದದ್ದು ಇದರಲ್ಲಿ ಒಂದೇ ಒಂದು ಸಂಗತಿ. ಎಲ್ಲರೂ ಕೇಳಿಯೂ ಕೇಳದಂತೆ ಬಿಟ್ಟಿರುವ ಹಿಮ್ಮೇಳ.

ಮುಮ್ಮೇಳದವರ ಕೈಯಲ್ಲಿ ಡಪ್ಪು. ಹಿಂದೆ ಇಬ್ಬರು, ಒಬ್ಬರಿಗೆ ತುಂತುಣಿ, ಒಬ್ಬರಿಗೆ ತಾಳ. ನುಡಿ ಮುಗಿಯುವ ಮೊದಲೇ ಕೊನೆಯ ಪದವನ್ನು ಹಿಂದಿನವರು ಎತ್ತಿಕೊಂಡು ‘ಗೀಗೀ’ ಎಂದು ಎಳೆಯುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಸಿಗುವುದು ಆವರಣದೊಳಗಿನ ಒಂದು ಗುರುತು, ಅದೂ ಮೊದಲ ನುಡಿಗೆ ಮಾತ್ರ. ಅರ್ಥವಿಲ್ಲದ ಅಕ್ಷರಗಳು, ಮುಮ್ಮೇಳದವರಿಗೆ ದಮ್ಮು ಎಳೆದುಕೊಳ್ಳಲು ಬಿಡುವು, ಅಷ್ಟೇ ಎಂಬ ತೀರ್ಮಾನ. ಅರ್ಥವಿಲ್ಲದ ಅಕ್ಷರ ತರಾನಾದಲ್ಲಿ ಬಂದರೆ ಕಲೆ, ಡಪ್ಪಿನ ಜೊತೆ ಬಂದರೆ ಬಿಡುವು! ಈ ನ್ಯಾಯ ಯಾರು ಕಟ್ಟಿದ್ದೋ ಕಾಣೆ.

ಚಿಕ್ಕನರಗುಂದದಲ್ಲಿ ಕೇಳಿದ ಒಂದು ವಾದವನ್ನು ನೋಡೋಣ. ಗುಡಿಯ ಮುಂದಿನ ಬಯಲು, ನೆಲಕ್ಕೆ ಹಾಸಿದ ತಾಡಪತ್ರಿ, ಅದರ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಮಾಳಿಗೆಗಳ ಮೇಲೆ ಕೌದಿ ಹೊದ್ದ ಹೆಂಗಸರು. ಬಯಲಿನ ಅಂಚಿಗೆ ಗಿರಮಿಟ್ಟು-ಮಿರ್ಚಿಯ ಗಾಡಿ. ನಾಗೇಶಿಯವಳು ಹಳೆಯ ಸವಾಲನ್ನೇ ಎತ್ತಿದಳು: ಬೀಜ ದೊಡ್ಡದೋ, ಹೊಲ ದೊಡ್ಡದೋ? ಎರೆಹೊಲದ ಊರಿನಲ್ಲಿ ಈ ಪ್ರಶ್ನೆ ಕೇಳುವುದೆಂದರೆ ಅರ್ಧ ಮಂದಿಯನ್ನು ಆಗಲೇ ತನ್ನ ಕಡೆ ಎಳೆದುಕೊಂಡಂತೆ. ಹರದೇಶಿಯವನು ಡಪ್ಪು ಎತ್ತಿದ, ಒಂದು ನುಡಿ ಹೇಳಿದ, ಹಿಮ್ಮೇಳಕ್ಕೆ ಬಿಟ್ಟ. ಹಿಮ್ಮೇಳ ಒಂದು ಸುತ್ತು ಬಂತು. ಅವನು ಮುಂದಿನ ನುಡಿ ಎತ್ತಲಿಲ್ಲ. ಇನ್ನೊಂದು ಸುತ್ತು. ಈಗ ಅವನೇ ಹಿಂದೆ ಸರಿದು ಹಿಮ್ಮೇಳದ ಜೊತೆ ದನಿ ಕೂಡಿಸಿದ. ನನ್ನ ಪಕ್ಕದಲ್ಲಿದ್ದ ಹಿರಿಯರು ಎಲೆ ಮಡಚುತ್ತ, ಕಣ್ಣು ಎತ್ತದೆ, “ಸಿಕ್ಕೊಂಡಾನ ನೋಡ್ರಿ ತಮ್ಮಾ” ಎಂದರು.

ಅವರಿಗೆ ಅದು ಗೊತ್ತಾಗಿದ್ದು ಹಾಡಿನ ಮಾತಿನಿಂದಲ್ಲ, ಹಾಡಿನಲ್ಲಿ ಆಗ ಮಾತೇ ಇರಲಿಲ್ಲ. ಹಿಮ್ಮೇಳ ಎಷ್ಟು ಹೊತ್ತು ನಡೆಯಿತು ಎಂಬುದರಿಂದ ಗೊತ್ತಾಯಿತು. ಜವಾಬು ತಯಾರಿದ್ದರೆ ಹಿಮ್ಮೇಳ ಚಿಕ್ಕದಾಗುತ್ತದೆ, ಇಲ್ಲದಿದ್ದರೆ ಬೆಳೆಯುತ್ತದೆ. ಬಲ್ಲ ಕೇಳುಗ ಅದರ ಉದ್ದ ನೋಡಿಯೇ ಯಾರ ಕೈ ಮೇಲಾಗಿದೆ ಎಂದು ತೂಗುತ್ತಿರುತ್ತಾನೆ. ಹಾಗಾಗಿ ಹಿಮ್ಮೇಳವನ್ನು ಬಿಡುವು ಎನ್ನುವುದು ತಪ್ಪು. ಹಾಡುವವರ ಯೋಚನೆ ಸಾವಿರ ಮಂದಿಯ ಎದುರು ಬಯಲಾಗುವ ಹೊತ್ತು ಅದು. ಖಯಾಲಿನಲ್ಲಿ ಗಾಯಕ ಸಮಕ್ಕೆ ಬರುವ ದಾರಿಯನ್ನು ಕೇಳುಗರು ಹೀಗೆಯೇ ಉಸಿರು ಹಿಡಿದು ಕಾಯುತ್ತಾರೆ. ಆದರೆ ಅಲ್ಲಿ ಸಮ ಎಲ್ಲಿದೆ ಎಂಬುದು ತಾಳ ಹೇಳಿದ ಸಂಗತಿ. ಇಲ್ಲಿ ಜವಾಬು ಯಾವಾಗ ಬರುತ್ತದೆಂದು ಹಾಡುವವನಿಗೂ ಗೊತ್ತಿಲ್ಲ.

ಕೊನೆಗೆ ಅವನು ಚಾಲು ಬದಲಿಸಿ ಜವಾಬು ಕೊಟ್ಟ. ಬೀಜವಿಲ್ಲದ ಹೊಲದಲ್ಲಿ ಏನು ಬೆಳೆಯುತ್ತದೆ? ಕರಿಕೆ! ಮಂದಿ ಹೋ ಎಂದು ನಕ್ಕರು. ಎರೆಹೊಲದಲ್ಲಿ ಕರಿಕೆ ಹೊಕ್ಕರೆ ಕಿತ್ತು ಕಿತ್ತು ಸೊಂಟ ಮುರಿದುಕೊಂಡವರೇ ಅಲ್ಲಿ ಕೂತದ್ದು. ಅವನ ಹಿಮ್ಮೇಳ ಗೆದ್ದ ಖುಷಿಯಲ್ಲಿ ಎತ್ತಿಕೊಂಡಿತು. ಅದು ಅರ್ಧ ಸುತ್ತು ಮುಗಿದಿರಲಿಲ್ಲ, ನಾಗೇಶಿಯವಳ ಡಪ್ಪಿನ ಎರಡು ಪೆಟ್ಟು ಬಿದ್ದವು. ಎದುರಾಳಿಯ ಹಿಮ್ಮೇಳವನ್ನೇ ಕತ್ತರಿಸಿ ನಿಲ್ಲಿಸಿದಳು. ರಾತ್ರಿ ಸ್ತುತಿ ಮಾಡುವಾಗ ಗಣಪತಿಯ ನೆತ್ತಿಗೆ ಏನು ಏರಿಸಿದೆಯಪ್ಪ, ಅದೇ ಕರಿಕೆ ಅಲ್ಲವೇ. ಬಿತ್ತದೆ ಹೊಲ ತಾನಾಗಿ ಕೊಟ್ಟದ್ದನ್ನು ದೇವರೇ ತಲೆಯ ಮೇಲೆ ಹೊತ್ತ ಮೇಲೆ ನಿನ್ನ ಬೀಜದ ಮಾತೇನು? ಮಾಳಿಗೆಯ ಮೇಲಿಂದ ಸಿಳ್ಳೆ ಬಂತು. ಸಿಳ್ಳೆ ಹಾಕಿದ್ದು ಹೆಂಗಸರೇ.

ಈ ಜವಾಬನ್ನು ಕಾಗದದ ಮೇಲೆ ಬರೆದು ನೋಡಿದರೆ ಜಾಣತನ ಕಾಣುತ್ತದೆ, ಅದಕ್ಕಿಂತ ಹೆಚ್ಚೇನಿಲ್ಲ. ಅದನ್ನು ದೊಡ್ಡದು ಮಾಡಿದ್ದು ಅವಳು ಕಾಯದೆ ಹೋದದ್ದು. ಅವನು ಹಿಮ್ಮೇಳವನ್ನು ಎಳೆದೆಳೆದು ತನ್ನ ಕಷ್ಟವನ್ನು ಊರಿಗೆಲ್ಲ ತೋರಿಸಿದ್ದ. ಅವಳು ಅದನ್ನು ತುಂಡರಿಸಿ ತನಗೆ ಯೋಚಿಸಲು ಹೊತ್ತೇ ಬೇಕಿಲ್ಲವೆಂದು ತೋರಿಸಿದಳು. ಜವಾಬು ಮೊದಲೇ ಕಟ್ಟಿಟ್ಟದ್ದಿರಬಹುದು, ಗುರುವಿನ ಹತ್ತಿರ ಕಲಿತದ್ದಿರಬಹುದು. ಇರಲಿ. ಯಾವ ಬಂದಿಶು ಗಾಯಕನ ಸ್ವಂತದ್ದು? ಎಲ್ಲಿ, ಯಾವ ಕ್ಷಣಕ್ಕೆ ಇಟ್ಟರು ಎಂಬುದರಲ್ಲೇ ಎರಡೂ ಕಡೆ ಕಲೆಯಿದೆ.

ಈಗ ನಮ್ಮ ವಿದ್ವಾಂಸರ ಕಡೆ ಬರುತ್ತೇನೆ. ಬ್ರಿಟಿಷ್ ಅಧಿಕಾರಿ ಫ್ಲೀಟ್ 19ನೇ ಶತಮಾನದಲ್ಲಿ ಹಲಗಲಿ ಬೇಡರ ಮೇಲಿನದರಂಥ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದಾಗ, ಹಲಸಂಗಿ ಗೆಳೆಯರು ‘ಜೀವನ ಸಂಗೀತ’ದಲ್ಲಿ ಲಾವಣಿ ಕೂಡಿಸಿದಾಗ, ಅವರ ಕೈಯಲ್ಲಿದ್ದುದು ಲೇಖನಿ ಮಾತ್ರ. ಅವರು ಉಳಿಸಿದ್ದಕ್ಕೆ ಕೈ ಮುಗಿಯಬೇಕು. ಟೇಪ್ ರೆಕಾರ್ಡರು ಹಿಡಿದು ಬಂದ ಆಮೇಲಿನವರಿಗೆ ಈ ರಿಯಾಯಿತಿ ಇಲ್ಲ. ದನಿಯನ್ನು ಹಿಡಿದು ತಂದು, ಮನೆಯಲ್ಲಿ ಕೂತು ದನಿಯನ್ನು ಕಳೆದು, ಸಾಹಿತ್ಯ ಮಾತ್ರ ಅಚ್ಚಿಗೆ ಕೊಟ್ಟರು. ಅದರ ಮೇಲೆ ಪ್ರಬಂಧಗಳಾದವು: ಆಶಯ, ವರ್ಗೀಕರಣ, ಶಿವ-ಶಕ್ತಿ ತತ್ವ. ಹೀಗೆ ಕೇಳದೆ ಓದಿದ ಗೀಗೀಯ ಮೇಲೆ ಪ್ರಗತಿಪರ ವಿಮರ್ಶಕರು ಇನ್ನೊಂದು ಆರೋಪ ಹೊರಿಸಿದ್ದಾರೆ. ಹೆಣ್ಣು-ಗಂಡಿನ ಜಗಳ ಕೊನೆಗೆ ಅರ್ಧನಾರೀಶ್ವರನಲ್ಲಿ ರಾಜಿಯಾಗುವುದರಿಂದ ಇದು ಇದ್ದ ವ್ಯವಸ್ಥೆಯನ್ನೇ ಕಾಯುವ ಹಾಡಂತೆ. ಬೆಳಗಿನ ಮಂಗಳವನ್ನು ಹಿಡಿದು ಇಡೀ ರಾತ್ರಿಯನ್ನು ಅಳೆಯುವವರಿಗೆ ಏನು ಹೇಳುವುದು? ಮಂಗಳದ ಹೊತ್ತಿಗೆ ಅರ್ಧ ಮಂದಿ ಎದ್ದು ಹೋಗಿರುತ್ತಾರೆ. ಅವರು ಮನೆಗೆ ಒಯ್ಯುವುದು ಕರಿಕೆಯ ಜವಾಬನ್ನು.

ಸಂಗೀತದವರ ಆಕ್ಷೇಪ ಸಣ್ಣದು: ಶ್ರುತಿ ನಿಲ್ಲುವುದಿಲ್ಲ, ಕಂಠ ಒರಟು. ಕೆಲವು ಮೇಳಗಳ ಮಟ್ಟಿಗೆ ನಿಜ. ಆದರೆ ಭೀಮಸೇನರ ಬಾಲ್ಯದ ಬಗ್ಗೆ ಎಲ್ಲರೂ ಮೆಚ್ಚಿ ಹೇಳುವ ಕತೆ ನೆನಪಿರಲಿ. ಭಜನೆ, ಬ್ಯಾಂಡಿನ ಹಿಂದೆ ನಡೆದುಹೋಗಿ ಎಲ್ಲೆಲ್ಲೋ ಮಲಗಿಬಿಡುತ್ತಿದ್ದ ಹುಡುಗನ ಅಂಗಿಯ ಮೇಲೆ ತಂದೆ, ಇವನು ಜೋಶಿ ಮಾಸ್ತರರ ಮಗ ಎಂದು ಬರೆಸಿದ್ದರಂತೆ. ಆ ಕತೆಯನ್ನು ಹುಡುಗನ ಹುಚ್ಚಿಗೆ ಸಾಕ್ಷಿಯಾಗಿ ಹೇಳುತ್ತಾರೆ. ಅವನನ್ನು ಎಳೆದೊಯ್ದ ಸಂಗೀತಕ್ಕೆ ಸಾಕ್ಷಿಯಾಗಿ ಯಾರೂ ಹೇಳುವುದಿಲ್ಲ.

ಗೀಗೀಯಲ್ಲಿ ದೋಷವಿಲ್ಲವೆಂದಲ್ಲ. ಆಹೇರಿಯ ಕಾಣಿಕೆ ಕೊಟ್ಟವರ ಹೆಸರು ಕೂಗಲು ನುಡಿಯನ್ನು ನಡುವೆ ನಿಲ್ಲಿಸುವುದು ಕೆಟ್ಟ ಚಾಳಿ. ನಡುರಾತ್ರಿ ಮೀರಿದ ಮೇಲಿನ ಕೆಲವು ಖ್ಯಾಲಿಗಳಲ್ಲಿ ಪೋಲಿತನ ಇರುತ್ತದೆ, ಹಾಸ್ಯ ಇರುವುದಿಲ್ಲ. ಆದರೆ ಇವನ್ನು ಹಿಡಿದು ಜರಿಯುವವರು ಕೇಳುವ ಮಂದಿಯನ್ನು ಕಡಿಮೆ ಅಳೆಯುತ್ತಾರೆ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದದಲ್ಲಿ ನಡೆದ ಗೋಲಿಬಾರಿನಲ್ಲಿ ಪ್ರಾಣ ಕೊಟ್ಟ ಈರಪ್ಪ ಕಡ್ಲಿಕೊಪ್ಪ ಇದೇ ಚಿಕ್ಕನರಗುಂದದವರು. ಸವಾಲು ಹಾಕಿ ಜವಾಬಿಗೆ ಕಾಯುವುದು ಈ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ.

ಗೀಗೀಗೆ ನಿಜವಾದ ಏಟು ಕೊಟ್ಟದ್ದು ಬೇರೆ ಎರಡು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. ಪುಣೆಯ ಸವಾಯಿ ಗಂಧರ್ವ ಉತ್ಸವ ಇದರಿಂದ ಅಹೋರಾತ್ರಿಯ ಬೈಠಕ್ಕು ಕಳೆದುಕೊಂಡಾಗ ರಸಿಕರು ಮರುಗಿದರು, ಪತ್ರಿಕೆಗಳು ಬರೆದವು. ಗೀಗೀ ರಾತ್ರಿಗಳು ಮೊಟಕಾದಾಗ ಯಾರೂ ಬರೆಯಲಿಲ್ಲ. ನಿಯಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಡಿಜೆ ಪೆಟ್ಟಿಗೆಯ ಮುಂದೆ ಮಲಗಲು ನೋಡಿದವರು ಯಾರೂ ಹೇಳಲಾರರು. ಎರಡನೆಯ ಏಟು ಕ್ಯಾಸೆಟ್ಟಿನದು, ಈಗ ಯೂಟ್ಯೂಬಿನದು. ಸ್ಟುಡಿಯೋದಲ್ಲಿ ಎದುರಾಳಿಗಳಿಬ್ಬರೂ ಮೊದಲೇ ಬರೆದಿಟ್ಟದ್ದನ್ನು ಹಾಡುತ್ತಾರೆ, ಪ್ರತಿ ನುಡಿಯ ಹಿಂದೆ ಹಿಮ್ಮೇಳ ಒಂದೇ ಅಳತೆಯಲ್ಲಿ ಬರುತ್ತದೆ. ಯಾರೂ ಸಿಕ್ಕಿಕೊಳ್ಳುವುದಿಲ್ಲ, ಯಾರೂ ತುಂಡರಿಸುವುದಿಲ್ಲ. ಶ್ರುತಿ ಮಾತ್ರ ಚೆನ್ನಾಗಿರುತ್ತದೆ. ಉತ್ಸವಗಳ ವೇದಿಕೆಯಲ್ಲಿ ಗಡಿಯಾರ ನೋಡಿ ಕೊಡುವ ಹತ್ತು ನಿಮಿಷದ ‘ಗೀಗೀ ಪ್ರದರ್ಶನ’ವೂ ಇದೇ ಜಾತಿಯದು. ಇಂಥವನ್ನು ಗೀಗೀ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹಾಡು ಸಂಗ್ರಹಿಸುವವರಿಗೆ, ಮೊಬೈಲಿನಲ್ಲಿ ಹಿಡಿದು ಏರಿಸುವ ಊರ ಹುಡುಗರಿಗೆ ಒಂದು ಕೋರಿಕೆ: ವಾದ ನಡೆಯುವಾಗ ಒಂದು ಮೈಕನ್ನು ಮಂದಿಯ ನಡುವೆಯೂ ಇಡಿ, ಆಮೇಲೆ ಕತ್ತರಿಸಲು ಕೂತಾಗ ಹಿಮ್ಮೇಳವನ್ನು ಕತ್ತರಿಸಬೇಡಿ.