ರಬ್ಬರ್ ಬೂಟಿನ ಜಾಡು: ‘ಗಮ್‌ಶೂ’ ಎಂಬ ಅಡ್ಡಹೆಸರಿನ ಮೂಲ

ಅಮೆರಿಕದ ಆಡುನುಡಿಯಲ್ಲಿ ಪತ್ತೇದಾರನಿಗಿರುವ ‘ಗಮ್‌ಶೂ’ ಎಂಬ ಅಡ್ಡಹೆಸರಿಗೆ ಸಾಮಾನ್ಯವಾಗಿ ದೊರೆಯುವುದು ಒಂದೇ ಸಾಲಿನ ವಿವರಣೆ: ಪತ್ತೇದಾರರು ಸದ್ದಾಗದಂತೆ ನಡೆಯಲು ರಬ್ಬರ್ ಅಟ್ಟೆಯ ಬೂಟು ತೊಡುತ್ತಿದ್ದುದರಿಂದ ಬೂಟಿನ ಹೆಸರೇ ಅವರಿಗೂ ಅಂಟಿಕೊಂಡಿತು. ಈ ವಿವರಣೆಯನ್ನು ತಪ್ಪೆನ್ನಲಾಗದಿದ್ದರೂ, ಅದು ವಸ್ತುವಿನಿಂದ ವ್ಯಕ್ತಿಗೆ ಒಮ್ಮೆಲೇ ನೆಗೆಯುವುದರಿಂದ, ಆ ಪದ ನಡುವೆ ಕ್ರಮಿಸಿದ ದಾರಿ ಮರೆಯಾಗುತ್ತದೆ.

ಇಲ್ಲಿ ‘ಗಮ್’ ಎಂದರೆ ಮರದ ಹಾಲಿನಿಂದ ಪಡೆದ ರಬ್ಬರ್. ಬ್ರೆಜಿಲ್‌ನಿಂದ ಅಮೆರಿಕಕ್ಕೆ ಬರುತ್ತಿದ್ದ ಮೊದಲ ರಬ್ಬರ್ ಪಾದರಕ್ಷೆಗಳು ಬೇಸಿಗೆಯಲ್ಲಿ ಮೆತ್ತಗಾಗಿ ಅಂಟುತ್ತಿದ್ದವು, ಚಳಿಗಾಲದಲ್ಲಿ ಸೆಟೆದುಕೊಳ್ಳುತ್ತಿದ್ದವು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಲ್ಕನೀಕರಣಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ಮೇಲೆ ಅವು ಎಲ್ಲ ಕಾಲಕ್ಕೂ ಒದಗುವಂತಾದವು. 1860ರ ದಶಕದಲ್ಲೇ ‘ಗಮ್‌ಶೂ’ ಎಂಬ ಹೆಸರು ಬಳಕೆಯಲ್ಲಿತ್ತು. ಆದರೆ ಅವನ್ನು ತೊಡುತ್ತಿದ್ದವರು ಮಳೆ, ಕೆಸರುಗಳಿಂದ ಕಾಲನ್ನು ಕಾಪಾಡಿಕೊಳ್ಳುವ ಜನಸಾಮಾನ್ಯರು. ಮೊಳೆ ಹೊಡೆದ ತೊಗಲಿನ ಅಟ್ಟೆ ಹಲಗೆಯ ನೆಲದ ಮೇಲೆ ಟಕಟಕ ಸದ್ದು ಮಾಡಿದರೆ ರಬ್ಬರಿನದು ಸುಳಿವೇ ಕೊಡುತ್ತಿರಲಿಲ್ಲ ಎಂಬ ಗುಣ ಆ ಬೂಟಿನ ಉದ್ದೇಶವಾಗಿರದೆ ಕೇವಲ ಜೊತೆಗೆ ಬಂದದ್ದಾಗಿತ್ತು.

ಹೊಸ ಅರ್ಥ ಮೊಳೆತದ್ದು ಈ ಗುಣದಿಂದಲೇ. 1893ರಿಂದ 1897ರವರೆಗೆ ಮಿಸೌರಿಯ ಗವರ್ನರ್ ಆಗಿದ್ದು ಮುಂದೆ ಸೆನೆಟ್ ಸದಸ್ಯನಾದ ವಿಲಿಯಂ ಜೋಯೆಲ್ ಸ್ಟೋನ್, ತೆರೆಮರೆಯಲ್ಲೇ ಕೆಲಸ ಸಾಧಿಸುವ ಚಾಣಾಕ್ಷತೆಯಿಂದಾಗಿ ‘ಗಮ್‌ಶೂ ಬಿಲ್’ ಎನಿಸಿಕೊಂಡಿದ್ದ. ಆತ ಪತ್ತೇದಾರನೇನೂ ಅಲ್ಲ. ಎಂದರೆ ಪದವು ಆಗ ಸೂಚಿಸುತ್ತಿದ್ದುದು ಬೂಟನ್ನೂ ಅಲ್ಲ, ವೃತ್ತಿಯನ್ನೂ ಅಲ್ಲ, ಕಳ್ಳಹೆಜ್ಜೆಯ ನಡೆಯನ್ನು. ಪತ್ತೇದಾರ ಎಂಬ ಅರ್ಥ 20ನೇ ಶತಮಾನದ ಮೊದಲ ದಶಕದಲ್ಲಿ ನೆಲೆಗೊಂಡಿತು. ಮುಖ್ಯಾರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಿಸಿದ ಬೇರೊಂದು ಅರ್ಥವನ್ನು ಗ್ರಹಿಸುವುದನ್ನು ಭಾರತೀಯ ಕಾವ್ಯಮೀಮಾಂಸೆ ‘ಲಕ್ಷಣೆ’ ಎನ್ನುತ್ತದೆ. ಕನ್ನಡ ಪತ್ರಿಕೆಗಳು ಪೊಲೀಸರನ್ನು ‘ಖಾಕಿ’ ಎನ್ನುವಲ್ಲಿ ಉಡುಪು ಮತ್ತು ವ್ಯಕ್ತಿಗಳ ನಡುವಣ ಸಂಬಂಧ ನೇರವಾದದ್ದು. ‘ಗಮ್‌ಶೂ’ನಲ್ಲಾದರೋ ಬೂಟಿನಿಂದ ನಡೆಗೆ, ನಡೆಯಿಂದ ನಡೆಯುವವನಿಗೆ ಎಂಬ ಎರಡು ಲಕ್ಷಣೆಗಳು ಒಂದರ ಮೇಲೊಂದು ಕೂತಿವೆ.

‘ಪ್ರೈವೇಟ್ ಐ’ ಎಂಬ ಇನ್ನೊಂದು ಹೆಸರಿನ ಬಗೆಗೂ ಇಂಥದೇ ಅವಸರ ಕಾಣುತ್ತದೆ. ಅಲನ್ ಪಿಂಕರ್ಟನ್ 1850ರ ಸುಮಾರಿಗೆ ಷಿಕಾಗೋದಲ್ಲಿ ಕಟ್ಟಿದ ಖಾಸಗಿ ಪತ್ತೇದಾರಿ ಸಂಸ್ಥೆಯ ಲಾಂಛನದಲ್ಲಿ ತೆರೆದ ಕಣ್ಣೊಂದು ಇದ್ದುದರಿಂದ ಹೆಸರಿನ ಮೂಲ ಅದೇ ಎನ್ನುವವರು ಹಲವರು. ಆದರೆ ಈ ಹೆಸರು ಅಪರಾಧ ಕಥೆಗಳಲ್ಲಿ ರೂಢಿಗೆ ಬಂದದ್ದು 1930ರ ದಶಕದಲ್ಲಿ. ನಡುವಿನ ಎಂಟು ದಶಕಗಳಿಗೆ ಲಾಂಛನವೊಂದೇ ಉತ್ತರವಾಗಲಾರದು. ‘ಇನ್ವೆಸ್ಟಿಗೇಟರ್’ ಪದದ ಮೊದಲ ಅಕ್ಷರ ‘ಐ’ ಎಂಬುದು ಕಣ್ಣು ಎಂಬರ್ಥದ ಪದದಂತೆಯೇ ಕೇಳುವುದರಿಂದ ಹುಟ್ಟಿದ ಶ್ಲೇಷೆ ಇದೆಂಬ ವಾದವನ್ನೂ ಜೊತೆಗಿಟ್ಟು ತೂಗಬೇಕಾಗುತ್ತದೆ.

‘ಸ್ಲೂತ್’ ಎಂಬ ಮತ್ತೊಂದು ಹೆಸರಿನ ಚರಿತ್ರೆ ಇಲ್ಲಿ ಮಾದರಿಯಾಗಬಲ್ಲದು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಜಾಡು ಎಂಬರ್ಥವಿದ್ದ ಪದವು ಸ್ಕಾಟ್ಲೆಂಡಿನಲ್ಲಿ ಜಾಡು ಹಿಡಿಯುವ ನಾಯಿಯ ಹೆಸರಿಗೆ ಸೇರಿ, 1870ರ ದಶಕದ ಅಮೆರಿಕದಲ್ಲಿ ಮನುಷ್ಯನಿಗೆ ಬಂತು. ನಡುವಿನ ಆ ನಾಯಿಯನ್ನು ಯಾವ ವಿವರಣೆಯೂ ಬಿಡುವುದಿಲ್ಲವಾದ್ದರಿಂದ ಅದು ನಂಬಲರ್ಹವಾಗಿದೆ. ‘ಗಮ್‌ಶೂ’ನ ವಿವರಣೆಯಲ್ಲಿ ಅಂಥದೇ ಜಾಗ ಸಲ್ಲಬೇಕಾದದ್ದು ಮಿಸೌರಿಯ ಆ ರಾಜಕಾರಣಿಗೆ.