ಟಿಫನಿ ದೀಪದಲ್ಲಿ ನಾವು ನೋಡದ ಲೋಹ

ಲೂಯಿ ಕಂಫರ್ಟ್ ಟಿಫನಿಯ ದೀಪಗಳ ಬಗ್ಗೆ ಬರೆಯುವವರು ಗಾಜಿನಿಂದ ಶುರುಮಾಡಿ ಗಾಜಿನಲ್ಲೇ ಮುಗಿಸುತ್ತಾರೆ. ಹಾಲಿನಂತೆ ಮಸುಕಾದ ಓಪಲೆಸೆಂಟ್ ಗಾಜು, ಅದಕ್ಕಾಗಿ ಜಾನ್ ಲಾ ಫಾರ್ಜ್ 1880ರಲ್ಲೂ ಟಿಫನಿ 1881ರಲ್ಲೂ ಪಡೆದ ಪೇಟೆಂಟ್‌ಗಳು, ಇಬ್ಬರ ಪೈಪೋಟಿ, ಇವೆಲ್ಲ ಗೊತ್ತಿರುವ ಕತೆಯೇ. ಚೂರುಗಳನ್ನು ಕೂಡಿಸುವ ಲೋಹದ ಪಾಲಿಗೆ ಬರುವುದು ಒಂದೇ ವಾಕ್ಯ: ಚೂರಿನ ಅಂಚಿಗೆ ಸುತ್ತುವ ತಾಮ್ರದ ಫಾಯಿಲ್ ಬಂದು ಗೆರೆ ತೆಳುವಾಯಿತು, ಗಾಜಿಗೆ ಬಿಡುಗಡೆ ಸಿಕ್ಕಿತು. ಇದನ್ನು ನಾನು ಒಪ್ಪುವುದಿಲ್ಲ. ಫಾಯಿಲ್‌ನಿಂದ ಗೆರೆಗೆ ಚಿತ್ರ ಬರೆಯುವ ಶಕ್ತಿ ಬಂತು.

ಟಿಫನಿಯ ವಿನ್ಯಾಸಕಿ ಕ್ಲಾರಾ ಡ್ರಿಸ್ಕಾಲ್ ಸುಮಾರು 1901ರಲ್ಲಿ ರೂಪಿಸಿದ ವಿಸ್ಟೀರಿಯಾ ದೀಪವನ್ನೇ ನೋಡಿ. ಶೇಡ್‌ನಲ್ಲಿ ಹೆಚ್ಚುಕಡಿಮೆ 2,000 ಗಾಜಿನ ಚೂರುಗಳಿವೆ, ಎಲ್ಲರೂ ಹೇಳುವುದು ಈ ಲೆಕ್ಕವನ್ನೇ. ನನ್ನ ಕಣ್ಣು ನಿಲ್ಲುವುದು ಮೇಲಿನ ಕಂಚಿನ ಕೊಂಬೆಗಳ ಮೇಲೆ. ದಪ್ಪಗೆ ಹೆಣೆದುಕೊಂಡ ಆ ಲೋಹ ಕೆಳಗಿಳಿಯುತ್ತ ಸಣ್ಣಗಾಗಿ, ದಳದಳದ ನಡುವಿನ ಎಳೆಯಾಗುತ್ತದೆ. ಹೂಗೊಂಚಲು ತನ್ನ ಭಾರಕ್ಕೆ ಜೋತುಬಿದ್ದಂತೆ ಕಾಣುವುದು ಈ ಇಳಿತದಿಂದ. ನೀಲಿ ಗಾಜೊಂದೇ ಇದ್ದಿದ್ದರೆ ಅಲ್ಲಿ ಬಣ್ಣ ಇರುತ್ತಿತ್ತು, ಬಳ್ಳಿ ಇರುತ್ತಿರಲಿಲ್ಲ. ಡ್ರಾಗನ್‌ಫ್ಲೈ ದೀಪದಲ್ಲಂತೂ ರೆಕ್ಕೆಯ ನರಗಳೆಲ್ಲ ಗಾಜಿನ ಮೇಲೆ ಕೂರಿಸಿದ ಲೋಹದ ಜಾಲರಿಯಲ್ಲೇ ಇವೆ.

ಪಟಿನಾ, ಅಂದರೆ ದ್ರಾವಣ ಹಚ್ಚಿ ಲೋಹಕ್ಕೆ ತರುವ ಬಣ್ಣದ ಪದರ, ಅದರ ಕುರಿತ ತಿಳಿವಳಿಕೆ ಇನ್ನಷ್ಟು ಸಡಿಲ. ಕಪ್ಪು ಪಟಿನಾ ಹಚ್ಚಿದರೆ ಗಾಜಿನ ಬಣ್ಣ ಎದ್ದು ಕಾಣುತ್ತದೆ ಎಂದು ಕಸುಬಿನವರೂ ಹೇಳುತ್ತಾರೆ. ಆದರೆ ಹಿಂದಿನಿಂದ ಬೆಳಕು ಬಂದಾಗ ಬೆಸುಗೆ ಬೆಳ್ಳಿಯಂತಿದ್ದರೂ ತಾಮ್ರದಂತಿದ್ದರೂ ಕಣ್ಣಿಗೆ ಕಪ್ಪೇ. ಪಟಿನಾದ ಗುಣ ತಿಳಿಯುವುದು ಬೆಳಕು ನಮ್ಮ ಕಡೆಯಿಂದ ಬಿದ್ದಾಗ. ಹಗಲೆಲ್ಲ ಆರಿಯೇ ಇರುವ ದೀಪಕ್ಕೆ ಇದು ಸಣ್ಣ ಸಂಗತಿಯಲ್ಲ. ಟಿಫನಿ ಸ್ಟುಡಿಯೋಸ್ ಬೆಸುಗೆಗೆ ತಾಮ್ರ ಲೇಪಿಸಿ, ಕಂಚಿನ ಕಂಬದ ಬಣ್ಣಕ್ಕೆ ಹೊಂದುವ ಪಟಿನಾ ಕೊಡುತ್ತಿತ್ತು. ಹಾಗಾಗಿ ದೀಪ ಆರಿದ್ದಾಗಲೂ ಬುಡದಿಂದ ತುದಿಯವರೆಗೆ ಒಂದೇ ಗಿಡವಾಗಿ ನಿಲ್ಲುತ್ತದೆ.

ಕಳಪೆ ಬೆಸುಗೆಯನ್ನು ಪಟಿನಾ ಮುಚ್ಚುತ್ತದೆ ಎಂಬ ಮಾತಿದೆಯಲ್ಲ, ಅದು ಶುದ್ಧ ತಪ್ಪು. ನಮ್ಮಲ್ಲಿ ಅಡಿಕೆ ತೋಟಕ್ಕೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ಮೈಲುತುತ್ತವೇ ತಾಮ್ರದ ಪಟಿನಾದ ಮೂಲವಸ್ತು. ದ್ರಾವಣ ತಾಗಿದಾಗ ಬೆಸುಗೆಯ ಮೇಲ್ಮೈಯ ತವರ ಒಂದಿಷ್ಟು ಕರಗಿ, ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಆ ಪದರ ಎಷ್ಟು ತೆಳುವೆಂದರೆ ಬೆಸುಗೆಯ ಒಂದು ಗುಳಿ, ಒಂದು ಗಂಟೂ ಅದರಡಿ ಅಡಗದು. ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸ್ ತೊಳೆಯದೆ ಬಿಟ್ಟ ಕಡೆ ಮಚ್ಚೆ ಬಿದ್ದು ಇನ್ನಷ್ಟು ಎದ್ದುಕಾಣುತ್ತದೆ.

ಆಲಂಕಾರಿಕ ಬೆಸುಗೆ ಬರೀ ಆಡಂಬರ ಎನ್ನುವವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಇಂದಿನ ಎಷ್ಟೋ ಕೆಲಸಗಳಲ್ಲಿ ಖಾಲಿ ಕಂಡಲ್ಲೆಲ್ಲ ಬೆಸುಗೆಯ ಮಣಿ, ತಂತಿಯ ಸುರುಳಿ. ಅದು ಕೈಯ ಚಟ. ಆದರೆ ತವರ–ಸೀಸ ಸಮಪಾಲಿನ ಬೆಸುಗೆ ತವರ ಹೆಚ್ಚಿರುವ 60:40 ಬೆಸುಗೆಯಷ್ಟು ಬೇಗ ಗಟ್ಟಿಯಾಗುವುದಿಲ್ಲ. ಅಂಬಲಿಯಂತಿರುವ ಆ ಕೆಲವೇ ಕ್ಷಣಗಳಲ್ಲಿ ಕಾವುಗೋಲಿನ ತುದಿಯಿಂದ ತಟ್ಟಿ ತೊಗಟೆಯ ಒರಟು ತರಬಲ್ಲವನ ಕೆಲಸವನ್ನೂ ಈ ಚಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಮರ್ಶೆಯಲ್ಲ. ನಾನು ಕೇಳುವುದು ಇಷ್ಟೇ: ಗಾಜು ಹೇಳಲಾಗದ್ದನ್ನು ಈ ಉಬ್ಬು ಹೇಳುತ್ತಿದೆಯೇ?

2007ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಯ ಪ್ರದರ್ಶನ ಡ್ರಿಸ್ಕಾಲ್ ಮತ್ತವರ ಮಹಿಳಾ ವಿಭಾಗಕ್ಕೆ ತಡವಾಗಿಯಾದರೂ ನ್ಯಾಯ ಕೊಟ್ಟಿತು. ಆ ಹೆಣ್ಣುಮಕ್ಕಳು ಗಾಜು ಆರಿಸಿ, ಕತ್ತರಿಸಿ, ಫಾಯಿಲ್ ಸುತ್ತುತ್ತಿದ್ದರು. ಬೆಸುಗೆ ಹಾಕುತ್ತಿದ್ದವರು ಗಂಡಸರು. ಅವರ ಕೈಚಳಕದ ಬಗ್ಗೆ ತಿದ್ದಿದ ಚರಿತ್ರೆಯೂ ಹೆಚ್ಚೇನೂ ಹೇಳುವುದಿಲ್ಲ. ಟಿಫನಿ ದೀಪದ ಬಗ್ಗೆ ಮುಂದೆ ಬರೆಯುವವರು ಅದನ್ನು ಒಮ್ಮೆ ಆರಿಸಿಯೂ ನೋಡಲಿ, ಆಮೇಲೆ ಗಾಜಿನ ಗುಣಗಾನ ಮಾಡಲಿ.